ವಿಮಾನದ ಡಿಗ್ರಿ ಮತ್ತು ಲವಾನ್‌ಳ ಹಣ

ಲಿಂಡಾಲ್, ಮಿನ್ನೆಸೋಟ
ಸೆಪ್ಟೆಂಬರ್ 4, 2018

ಮಾರಿಟ್,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಮೂರನೆಯ ಮಾತಿಗೇ ಕಿತ್ತಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ನೀನು ಈಗ ಹೋಗಿ ಸೇರಿರುವ ಕಾಲೇಜಿನಲ್ಲೇ ನಾನೂ ಒಂದು ವರ್ಷ ಓದಿದವನು ಅನ್ನುವುದು ನೆನಪಿರಲಿ. ಆಗ ಅಲ್ಲಿ ವಿಮಾನ ಇರಲಿಲ್ಲ. ವೆಲ್ಡಿಂಗ್ ಇತ್ತು, ಮಿಸೆಸ್ ಥೋರ್‌ಸ್ಟಾಡ್ ಅವರ ಇಂಗ್ಲಿಷ್ ಪ್ರಬಂಧದ ತರಗತಿ ಇತ್ತು. ಮೊದಲು ಏನು ಹೇಳಬೇಕೋ ಅದನ್ನು ಹೇಳಿ, ಆಮೇಲೆ ಕಾರಣ ಕೊಡಿ, ಕೊನೆಗೆ... ಎಂದು ಆಕೆ ಕಲಿಸಿದ್ದರು. ಕೊನೆಗೆ ಏನು ಮಾಡಬೇಕು ಅನ್ನುವುದು ಮರೆತುಹೋಗಿದೆ. ಆದುದರಿಂದ ಮೊದಲನೆಯದನ್ನು ಮೊದಲು ಹೇಳುತ್ತೇನೆ: ಕೊಡುವುದಿಲ್ಲ.

ಕಾರಣ. ನಿನಗೆ ಇಪ್ಪತ್ತೊಂಬತ್ತು ವರ್ಷ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಇತ್ತು, ಪಿಂಚಣಿ ಇತ್ತು, ಹಲ್ಲು ಕೀಳಿಸಿಕೊಂಡರೆ ಅದಕ್ಕೂ ವಿಮೆ ಇತ್ತು. ಅದನ್ನು ಬಿಟ್ಟು ನೀನು ಹದಿನೆಂಟರ ಹುಡುಗರ ನಡುವೆ ಹೋಗಿ ಕೂತಿದ್ದೀಯ. ಸರಿ. ನಿನ್ನ ಅಮ್ಮ ಲವಾನ್ ತೀರಿಹೋದಾಗ ಬಂದ ವಿಮೆಯ ಹಣವನ್ನು ನಾವಿಬ್ಬರೂ ಸಮ ಪಾಲು ಮಾಡಿಕೊಂಡೆವು. ನಿನ್ನ ಪಾಲನ್ನು ನೀನು ಮೊದಲನೆಯ ವರ್ಷಕ್ಕೆ ಸುರಿದೆ. ನಾನು ಕೇಳಲಿಲ್ಲ. ಈಗ ಎರಡನೆಯ ವರ್ಷಕ್ಕೆ ನನ್ನ ಪಾಲು ಕೇಳುತ್ತಿದ್ದೀಯ. ಅದನ್ನು ನಾನು ಮುಟ್ಟಿಲ್ಲ. ಮುಟ್ಟುವುದೂ ಇಲ್ಲ.

ಕಾಲೇಜಿನ ಕಿರುಪುಸ್ತಕ ನೀನು ಮನೆಯಲ್ಲಿ ಬಿಟ್ಟುಹೋಗಿದ್ದೆ, ಓದಿದೆ. ಮೊದಲ ಪುಟದಲ್ಲಿ, ಎರಡು ವರ್ಷದ ಡಿಗ್ರಿಯ ಫೀಸು ಒಂದು ಹಳೆಯ ಪಿಕಪ್ ಗಾಡಿಗಿಂತ ಕಡಿಮೆ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಹಿಂದಿನ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಹಾರಾಟದ ಶುಲ್ಕ ಪ್ರತ್ಯೇಕ' ಅಂತಿದೆ. ಆ ಪ್ರತ್ಯೇಕ ಅನ್ನುವುದು ಐವತ್ತು ಸಾವಿರ ಡಾಲರ್! ತಟ್ಟೆಗೆ ಎರಡು ಡಾಲರ್ ಅಂತ ಬೋರ್ಡು ಹಾಕಿ, ಕೂತ ಮೇಲೆ ಊಟಕ್ಕೆ ಬೇರೆ ಅಂದ ಹಾಗಾಯಿತು.

ಮೇಲಾಗಿ, ಡಿಗ್ರಿ ಕೈಗೆ ಬರುವಾಗ ನೀನು ಹಾರಿರುವುದು ಇನ್ನೂರೈವತ್ತು ಗಂಟೆ. ಈ ಡಿಗ್ರಿ ಇದ್ದವರಿಗೆ ರಿಯಾಯಿತಿ ಕೊಟ್ಟ ಮೇಲೂ ದೊಡ್ಡ ವಿಮಾನದವರು ಕೇಳುವುದು ಸಾವಿರದ ಇನ್ನೂರೈವತ್ತು. ನಡುವಿನ ಸಾವಿರ ಗಂಟೆ ಯಾರಪ್ಪನ ಮನೆಯಿಂದ ಬರುತ್ತದೆ? ಯಾರಪ್ಪ ಅನ್ನುವುದು ನನಗೆ ಗೊತ್ತು.

ಅಮ್ಮನ ತಂಗಿ ಆರ್ಡಿಸ್ ಬಂದಿದ್ದಳು. "ಭಾವ, ಅವಳಿಗೆ ರೆಕ್ಕೆ ಬಂದಿದೆ, ನೀವ್ಯಾಕೆ ಕತ್ತರಿ ಹಿಡ್ಕೊಂಡು ಕೂತಿದೀರ?" ಅಂದಳು. ರೆಕ್ಕೆ ಬಾಡಿಗೆಯದು, ಗಂಟೆಗೆ ನೂರ ನಲವತ್ತು ಡಾಲರ್ ಅಂದೆ. ಸೇಬಿನ ಪೈ ತಿಂದು ಹೋದಳು.

ನಿನ್ನ ಅಪ್ಪ,
ವರ್ಲಿನ್ ಹೌಗನ್
(ಪೂರ್ತಿ ಹೆಸರು ಬರೆದದ್ದು ಇದು ಗಂಭೀರ ಪತ್ರವಾದುದರಿಂದ)

*

ಕಾರ್ವರ್ ಲೇಕ್
ಸೆಪ್ಟೆಂಬರ್ 19, 2018

ಅಪ್ಪ,

ನಡುವೆ ಬಾಯಿ ಹಾಕಲಿಲ್ಲ. ಈಗ ಹಾಕುತ್ತೇನೆ.

ನಿಮ್ಮ ಲೆಕ್ಕ ತಪ್ಪಲ್ಲ, ಅರ್ಧ. ಆ ಸಾವಿರ ಗಂಟೆಗೆ ದುಡ್ಡು ಕೊಡಬೇಕಾಗಿಲ್ಲ, ಅದಕ್ಕೆ ನನಗೇ ಕೊಡುತ್ತಾರೆ. ಡಿಗ್ರಿ ಮುಗಿದವರು ಇಲ್ಲೇ ಕಲಿಸುವ ಕೆಲಸಕ್ಕೆ ನಿಲ್ಲುತ್ತಾರೆ. ಶಿಷ್ಯನ ಪಕ್ಕದಲ್ಲಿ ಕೂತ ಗಂಟೆಯೂ ಗಂಟೆಯೇ. ಸಂಬಳ ನಮ್ಮೂರ ದಿನಸಿ ಅಂಗಡಿಯಷ್ಟೇ, ಒಪ್ಪುತ್ತೇನೆ. ಎರಡು ವರ್ಷ ಹಾಗೆ ಕಳೆದರೆ ಆಮೇಲೆ ಎಕ್ಸ್-ರೇ ಕೋಣೆಯಲ್ಲಿ ನಾನು ಸತ್ತು ಹುಟ್ಟಿದರೂ ಸಿಗದ ಸಂಬಳ. ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಹೋಗಿದ್ದರೆ ಇದರ ಎರಡೂವರೆ ಪಟ್ಟು ಆಗುತ್ತಿತ್ತು, ವಿಮಾನ ಮಾತ್ರ ಇದೇ ವಿಮಾನ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಮೇ ತಿಂಗಳೊಳಗೆ ಎರಡನೆಯ ವರ್ಷದ ಹಾರಾಟದ ಹಣ ಕಟ್ಟದಿದ್ದರೆ ನನ್ನ ಜಾಗ ಹೋಗುತ್ತದೆ. ಕಾಯುವವರ ಸಾಲು ಉದ್ದ ಇದೆ. ಆಗ ನಾನು ಅರ್ಧ ಪೈಲಟ್. ಅರ್ಧ ಪೈಲಟ್‌ಗೆ ಯಾರೂ ಸಂಬಳ ಕೊಡುವುದಿಲ್ಲ, ಭಾನುವಾರ ಒಬ್ಬಳೇ ಹಾರಿ ಸಂತೋಷ ಪಡಬಹುದು ಅಷ್ಟೇ. ಬ್ಯಾಂಕಿನ ಸಾಲಕ್ಕೆ ಬಡ್ಡಿ ಎಷ್ಟು ಅಂತ ಕೇಳಬೇಡಿ, ನಿಮ್ಮ ರಕ್ತದೊತ್ತಡ ಏರುತ್ತದೆ.

ಯೋಚಿಸಿ. 'ಕೊಡುವುದಿಲ್ಲ' ಅಂತ ಮೊದಲೇ ಬರೆದು ಆಮೇಲೆ ಕಾರಣ ಹುಡುಕುವುದನ್ನು ಪ್ರಬಂಧ ಅನ್ನುವುದಿಲ್ಲ.

ಮಾರಿಟ್

*

ಲಿಂಡಾಲ್
ಅಕ್ಟೋಬರ್ 17, 2018

ಮಾರಿಟ್,

ಬೀಟ್‌ಗೆಡ್ಡೆಯ ಸುಗ್ಗಿ ಶುರುವಾಗಿ ರಸ್ತೆ ತುಂಬ ಮಣ್ಣು, ಲಾರಿ. ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾದರೂ ಗೆಡ್ಡೆ ರಾಶಿ ಹಾಕುವಲ್ಲಿ ಈ ವರ್ಷವೂ ಕರೆದರು. ಹೋದೆ. ಸೊಂಟ ಹಿಡಿದಿದೆ. ಅದು ಬೇರೆ ಪ್ಯಾರಾಗ್ರಾಫಿನ ವಿಷಯ.

ಕೆಫೆಯಲ್ಲಿ ಗೈಲನ್‌ನ ಕೇಳಿದೆ. ಅವನ ಅಣ್ಣನ ಮಗ ನಿಮ್ಮ ಕಾಲೇಜಿನಲ್ಲೇ ವಿಮಾನ ರಿಪೇರಿಯ ಕೋರ್ಸ್ ಮಾಡಿದವನು.

"ಎಷ್ಟಾಯ್ತೋ ಅವನಿಗೆ ಎಲ್ಲಾ ಸೇರಿ?"

"ನಿನ್ ಮಗಳದ್ದರ ಮೂರನೇ ಒಂದು ಭಾಗ. ಪರೀಕ್ಷೆಗೆ ಮುಂಚೆನೇ ಕೆಲಸ ಸಿಕ್ತು ಮಾರಾಯ. ಬೆಳಿಗ್ಗೆ ಹೋಗ್ತಾನೆ, ಸಂಜೆ ಬರ್ತಾನೆ, ಮೋಡ ಇದ್ರೂ ಸಂಬಳ, ಮಳೆ ಬಂದ್ರೂ ಸಂಬಳ."

"ಅವನು ಹಾರ್ತಾನಾ?"

"ಅವನ್ಯಾಕೆ ಹಾರ್ತಾನೆ, ಅವನಿಗೇನು ತಲೆ ಕೆಟ್ಟಿದೆಯಾ? ಆ ವಿಮಾನದೊಳಗೆ ಏನೇನಿದೆ ಅಂತ ಅವನಿಗೆ ಗೊತ್ತು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನೀನು ಚಿಕ್ಕವಳಿದ್ದಾಗ ನನ್ನ ಜೊತೆ ಕಾರ್ಖಾನೆಯ ಲಾರಿಯ ಎಂಜಿನ್ನಿನೊಳಗೆ ಕೈ ಹಾಕಿಕೊಂಡು ಬೆಳೆದವಳು. ರಿಪೇರಿಗೆ ಬದಲಾಯಿಸಿಕೊ. ಅದೇ ಕಾಲೇಜು, ವಿಮಾನ ನಿಲ್ಲಿಸುವ ಅದೇ ಹ್ಯಾಂಗರ್, ಮೂರನೇ ಒಂದು ಭಾಗ ಖರ್ಚು. ಅದಕ್ಕಾದರೆ ನನ್ನ ಸ್ವಂತ ಉಳಿತಾಯದಿಂದ ಕೊಡುತ್ತೇನೆ. ಅಮ್ಮನದ್ದರಿಂದ ಅಲ್ಲ.

ಹಾಗೂ ಹಟ ಬಿಡುವುದಿಲ್ಲ ಅಂದರೆ, ಇರುವ ಹಣವನ್ನು ಎಳೆದು ಎಳೆದು ಖರ್ಚು ಮಾಡು. ವಾರಕ್ಕೆ ಮೂರು ಸಲ ಹಾರುವ ದೌಲತ್ತು ಯಾಕೆ? ಹತ್ತು ದಿನಕ್ಕೊಮ್ಮೆ ಹಾರು. ಬೆಣ್ಣೆಯನ್ನು ತೆಳುವಾಗಿ ಸವರಿದರೆ ಹೆಚ್ಚು ರೊಟ್ಟಿಗೆ ಬರುತ್ತದೆ ಎಂದು ನಿನಗೆ ಯಾರೂ ಹೇಳಿಕೊಡಲಿಲ್ಲವೇ?

ಅಪ್ಪ

*

ಕಾರ್ವರ್ ಲೇಕ್
ನವೆಂಬರ್ 26, 2018

ಅಪ್ಪ,

ನಿಮ್ಮ ಬೆಣ್ಣೆಯ ಸಲಹೆ ಪಾಲಿಸಿದೆ. ಅದರ ಫಲ ಕೇಳಿ.

ಹತ್ತು ದಿನಕ್ಕೊಮ್ಮೆ ಹಾರಿದರೆ ಕೈ ಮರೆಯುತ್ತದೆ. ಇಳಿಯುವುದನ್ನು ಕಲಿತೆ, ಮರೆತೆ, ಮತ್ತೆ ಕಲಿತೆ. ಒಂದೇ ಪಾಠಕ್ಕೆ ಮೂರು ಸಲ ದುಡ್ಡು ಕೊಟ್ಟೆ. ಹತ್ತನೆಯ ದಿನ ಮೋಡ ಕವಿದರೆ ಅದು ಇಪ್ಪತ್ತನೆಯ ದಿನವಾಗುತ್ತದೆ. ದುಡ್ಡು ಉಳಿಸಲು ನಿಧಾನ ಮಾಡುವುದು ಈ ವಿದ್ಯೆಯಲ್ಲಿ ಎಲ್ಲರೂ ಮಾಡುವ ತಪ್ಪಂತೆ. ಇಲ್ಲಿನ ಹಳಬರು ನನ್ನನ್ನು ನೋಡಿ, "ಮನೇಲಿ ಯಾರೋ ಜಾಣರು ಐಡಿಯಾ ಕೊಟ್ಟಿರ್ಬೇಕು" ಅಂದರು. ನಾನು ಹೆಸರು ಹೇಳಲಿಲ್ಲ.

ಅಷ್ಟು ಸಾಲದು ಅಂತ ನನ್ನ ಗುರು ಬ್ರೈಸ್ ಹೋದ ವಾರ ಹೊರಟುಹೋದ. ಇಪ್ಪತ್ತಮೂರು ವರ್ಷದ ಹುಡುಗ. ಅವನ ಗಂಟೆ ತುಂಬಿತು, ಏರ್‌ಲೈನ್ ಕರೆಯಿತು. ಸೋಮವಾರ ಬಂದು, "ಮಾರಿಟ್, ಗುಡ್ ನ್ಯೂಸ್!" ಅಂದ. ನನಗೆ ಪರೀಕ್ಷೆಯ ದಿನ ಸಿಕ್ಕಿತೇನೋ ಅಂದುಕೊಂಡೆ. ಗುಡ್ ನ್ಯೂಸ್ ಅವನದು. ಹೊಸಬಳು ಬಂದಿದ್ದಾಳೆ, ಶೆಲ್ಬಿ ಅಂತ. "ನೀವು ಚೆನ್ನಾಗಿ ಹಾರ್ತೀರಂತೆ, ಬ್ರೈಸ್ ಹೇಳಿದ. ಆದ್ರೂ ನಾನೊಂದ್ಸಲ ಎಲ್ಲಾ ನೋಡ್ಬೇಕಲ್ವಾ?" ಅಂದಳು. ಎಲ್ಲಾ ಅಂದರೆ ಮೊದಲಿನಿಂದ. ಆ ನೋಡುವುದಕ್ಕೂ ಬಿಲ್ಲು ನನಗೇ.

ಒಂದು ಒಳ್ಳೆಯದೂ ಇದೆ. ಬ್ರೈಸ್ ಹೋಗುವ ಮುಂಚೆ ನನ್ನೊಬ್ಬಳನ್ನೇ ಹಾರಲು ಬಿಟ್ಟ. ಮೂರು ಸುತ್ತು. ಇಳಿದು ಬಂದಾಗ, ಮೊದಲ ಸಲ ಒಬ್ಬರೇ ಹಾರಿದವರಿಗೆ ಮಾಡುವ ಪದ್ಧತಿಯ ಪ್ರಕಾರ ನನ್ನ ಶರ್ಟಿನ ಹಿಂಬದಿಯನ್ನು ಕತ್ತರಿಯಿಂದ ಕತ್ತರಿಸಿ ಹ್ಯಾಂಗರಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ನೀವು ಹೋದ ಕ್ರಿಸ್‌ಮಸ್‌ಗೆ ಕೊಟ್ಟ ಚೌಕಳಿ ಶರ್ಟು. ಬೈಯಬೇಡಿ.

ರಿಪೇರಿ ಕೋರ್ಸಿನ ಬಗ್ಗೆ: ಒಳ್ಳೆಯ ಕೆಲಸ, ಒಳ್ಳೆಯ ಸಂಬಳ, ಗೈಲನ್ ಹೇಳಿದ್ದೆಲ್ಲ ಸರಿ. ನನಗೆ ಬೇಡ.

ಮಾರಿಟ್

*

ಲಿಂಡಾಲ್
ಡಿಸೆಂಬರ್ 28, 2018

ಮಾರಿಟ್,

ಮೂವತ್ತೆಂಟು ಡಾಲರಿನ ಶರ್ಟು. ಇರಲಿ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಈಗ ನನಗೆ ಅರ್ಥವಾಯಿತು ನೋಡು ಈ ವ್ಯಾಪಾರ. ಆ ಬ್ರೈಸ್‌ಗೆ ಗಂಟೆ ಬೇಕಿತ್ತು. ಆ ಗಂಟೆಗೆ ನೀನು ದುಡ್ಡು ಕೊಟ್ಟೆ. ಅಂದರೆ ಲವಾನ್‌ಳ ವಿಮೆಯ ಹಣದಲ್ಲಿ ಯಾರದೋ ಮಗ ಏರ್‌ಲೈನ್ ಸೇರಿದ. ಕಲಿಸುವುದು ಬಂತು ಅನ್ನುವಷ್ಟರಲ್ಲಿ ಗುರು ಓಡಿಹೋಗುವ ಶಾಲೆ ಪ್ರಪಂಚದಲ್ಲಿ ಇದೊಂದೇ ಇರಬೇಕು! ಡಿಗ್ರಿ ಮುಗಿದ ಮೇಲೆ ನಿನ್ನ ಸರದಿ, ನೀನೂ ಯಾವನೋ ಬಡಪಾಯಿಯ ಹಣದಲ್ಲಿ ಗಂಟೆ ತುಂಬಿಸಿಕೊಂಡು ಅವನನ್ನು ನಡುನೀರಿನಲ್ಲಿ ಬಿಟ್ಟು ಹೋಗುತ್ತೀಯ. ಇದಕ್ಕೆ ಡಿಗ್ರಿ ಅಂತ ಹೆಸರು.

ಮೇಲಾಗಿ ಕ್ರಿಸ್‌ಮಸ್. ಶೆಲ್ಬಿಯ ಜೊತೆ ಪಾಠದ ಲೆಕ್ಕದಲ್ಲೇ ಇಲ್ಲಿಗೆ ಹಾರಿ ಬಂದು ಊಟ ಮಾಡಿ ಹೋಗುತ್ತೇನೆ ಅಂದೆ. ಆರ್ಡಿಸ್ ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಮಾಡಿದಳು. ಅಮ್ಮನ ಹಂಚಿನಲ್ಲಿ, ಕಾಗದದ ಹಾಗೆ ತೆಳ್ಳಗೆ. ನಾನು ಊರಾಚೆ ವಿಮಾನ ಇಳಿಯುವ ಹುಲ್ಲಿನ ಪಟ್ಟಿಯ ಹತ್ತಿರ ಹೋಗಿ ಗಾಡಿಯಲ್ಲಿ ಕೂತೆ. ಆಕಾಶ ತೊಳೆದಿಟ್ಟ ಹಾಗಿತ್ತು. ಆಮೇಲೆ ನಿನ್ನ ಮೆಸೇಜು: 'ಹವಾಮಾನ. ಬರಲ್ಲ. ಸಾರಿ.' ಯಾವ ಹವಾಮಾನ? ನಾನು ಕಣ್ಣಾರೆ ನೋಡುತ್ತಿದ್ದೇನೆ, ಒಂದು ಮೋಡ ಇಲ್ಲ! ನಿಮ್ಮ ಪೈಲಟ್ ಜಾತಿಯವರಿಗೆ ಬೆಚ್ಚಗೆ ಕೂತು ಫೋನಿನಲ್ಲಿ ಆಗಲ್ಲ ಅನ್ನುವುದೊಂದು ಚೆನ್ನಾಗಿ ಕಲಿಸುತ್ತಾರೆ. ಅವತ್ತೂ ಆಕಾಶ ಹೀಗೇ

ಕಾಫಿ ಉಕ್ಕಿತು. ಇಲ್ಲಿಗೆ ನಿಲ್ಲಿಸುತ್ತೇನೆ.

ಅಪ್ಪ

*

ಕಾರ್ವರ್ ಲೇಕ್
ಜನವರಿ 9, 2019

ಅಪ್ಪ,

ಕಾಫಿ ಉಕ್ಕಿದರೆ ಒರೆಸಿ ಬಂದು ಬರೆಯಬಹುದಿತ್ತು.

ನಾಲ್ಕು ತಿಂಗಳಿಂದ ನಾವು ಫೀಸು, ಗಂಟೆ, ಬೆಣ್ಣೆ ಅಂತ ಬರೆದುಕೊಳ್ಳುತ್ತಿದ್ದೇವೆ. ಖರ್ಚು ಅಲ್ಲ ಅಪ್ಪ. ರಿಪೇರಿ ಕೋರ್ಸಿಗಾದರೆ ಕೊಡುತ್ತೇನೆ ಅಂದಿರಿ, ಗೈಲನ್‌ನ ಮಗನ ಟ್ರ್ಯಾಕ್ಟರಿಗೆ ಬಡ್ಡಿಯಿಲ್ಲದೆ ಕೊಟ್ಟಿರಿ. ನನಗೆ ಕೊಡದಿರುವುದು ಬೇರೆ ಏನಕ್ಕೋ.

ನಾನೂ ಒಂದು ಹೇಳದೆ ಇಟ್ಟುಕೊಂಡಿದ್ದೆ. ನನಗೆ ಏರ್‌ಲೈನ್ ಬೇಡ. ಸಾವಿರದ ಇನ್ನೂರೈವತ್ತಲ್ಲ, ಎರಡು ಸಾವಿರ ಗಂಟೆ ಆಗಲಿ, ಏರ್ ಆಂಬುಲೆನ್ಸ್ ಓಡಿಸಬೇಕು. ಅದಕ್ಕೇ ಕೆಲಸ ಬಿಟ್ಟದ್ದು. ಎಕ್ಸ್-ರೇ ಕೋಣೆಯಲ್ಲಿ ನಿಂತು, ರೋಗಿಯನ್ನು ಇಳಿಸಿ ಹೆಲ್ಮೆಟ್ ಹಿಡಿದು ಒಳಗೆ ಬರುವ ಆ ವಿಮಾನದವರನ್ನು ಏಳು ವರ್ಷ ನೋಡಿದೆ.

ಅಮ್ಮ ಹೋದ ದಿನ ನಾನು ಡ್ಯೂಟಿಯಲ್ಲಿದ್ದೆ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಿಮಾನ ಬರಲಿಲ್ಲ, ರಸ್ತೆಯಲ್ಲಿ ಹೋದರು, ದಾರಿಯಲ್ಲಿ ಜೀವ ಹೋಯಿತು. ನೀವು ನನಗೆ ಹೇಳಿರುವುದು ಈ ಮೂರು ವಾಕ್ಯ. ಬಾಕಿಯನ್ನು ಬರೆಯಿರಿ.

ಮಾರಿಟ್

*

ಲಿಂಡಾಲ್
ಫೆಬ್ರವರಿ 3, 2019

ಮಾರಿಟ್,

ಬರೆಯಬಾರದು ಅಂತಿದ್ದೆ. ಆರ್ಡಿಸ್ ಬಂದು ಮೇಜಿನ ಮೇಲೆ ಪೆನ್ನು ಇಟ್ಟು ಹೋದಳು.

ಮಾರ್ಚ್, ಮಧ್ಯಾಹ್ನ. ಅಮ್ಮ ತೊಟ್ಟಿಯ ಹತ್ತಿರ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು, "ವರ್ಲಿನ್, ನನ್ ಕೈ ನೋಡಿ" ಅಂದಳು. ಕೈ ಜೋತುಬಿದ್ದಿತ್ತು. ನಮ್ಮೂರ ಚಿಕ್ಕ ಆಸ್ಪತ್ರೆಗೆ ಹೊತ್ತುಕೊಂಡು ಹೋದೆ. ಮಿದುಳಿನಲ್ಲಿ ರಕ್ತ, ಇಲ್ಲಿ ಏನೂ ಮಾಡಲು ಆಗುವುದಿಲ್ಲ, ವಿಮಾನ ಕರೆಸುತ್ತೇವೆ ಎಂದರು. ನರ್ಸು ಫೋನು ಹಿಡಿದು ಮಾತಾಡಿದಳು. ಆಮೇಲೆ ನನ್ನ ಮುಖ ನೋಡದೆ, "ಪೈಲಟ್ ಆಗಲ್ಲ ಅಂದ್ರು" ಅಂದಳು.

ಕಿಟಕಿಯ ಹೊರಗೆ ಬಿಸಿಲು, ಮಾರಿಟ್. ಕಣ್ಣು ಕುಕ್ಕುವ ಬಿಸಿಲು.

ನಾನು ಅವಳಿಗೆ ಹೇಳಿದೆ, "ಇನ್ನೊಂದ್ಸಲ ಮಾಡಮ್ಮಾ. ಅವನಿಗೆ ಹೇಳು. ಲವಾನ್ ಹೌಗನ್, ಐವತ್ತೆಂಟು ವರ್ಷ, ಶಾಲೆಯಲ್ಲಿ ಅಡುಗೆ ಮಾಡ್ತಾಳೆ, ಮಗಳಿದಾಳೆ ಅಂತ ಹೇಳು. ಹೇಳಿದ್ಯಾ ನೀನು?" ಅವಳು, "ಹೇಳೋ ಹಾಗಿಲ್ಲ ಸರ್" ಅಂದಳು. "ಅವನು ಕೇಳಲೂ ಇಲ್ವಾ?" "ಇಲ್ಲ ಸರ್, ಕೇಳಲ್ಲ."

ಕೇಳಲಿಲ್ಲ. ಒಂದು ನಿಮಿಷದೊಳಗೆ ಆಗಲ್ಲ ಅಂದ, ಯಾರು ಅಂತ ಕೂಡ ಕೇಳಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಒಂದು ಲಾರಿ ಬೀಟ್‌ಗೆಡ್ಡೆ ವಾಪಸು ಕಳಿಸಬೇಕಾದರೂ ಯಾರದಪ್ಪಾ ಇದು ಅಂತ ಕೇಳುತ್ತಿದ್ದೆವು. ದೊಡ್ಡ ಆಸ್ಪತ್ರೆ ಇರುವ ಫಾರ್ಗೋಗೆ ರಸ್ತೆಯಲ್ಲಿ ಮೂರು ಗಂಟೆ. ನಾನು ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ. ಊರು ದಾಟಿ ಸ್ವಲ್ಪ ದೂರಕ್ಕೆ ಹಿಂದಿನಿಂದ ಮಾತು ನಿಂತಿತು. ಆಮೇಲೂ ಡ್ರೈವರ್ ನಿಧಾನ ಮಾಡಲಿಲ್ಲ, ನನಗೋಸ್ಕರ.

ಈಗ ಹೇಳು. ಆ ಹಣ ಅವಳು ಸತ್ತದ್ದಕ್ಕೆ ಬಂದ ಹಣ. ಅದನ್ನು ತೆಗೆದು ನಿನ್ನನ್ನು ಅವನ ಕುರ್ಚಿಯಲ್ಲಿ ಕೂರಿಸಲೇ? ನಾಳೆ ಯಾವನೋ ನನ್ನಂಥವನ ಹೆಂಡತಿಗೆ ನೀನು ಆಗಲ್ಲ ಅನ್ನುವುದಕ್ಕೆ? ಅಥವಾ ಆಗತ್ತೆ ಅಂದು ಹೊರಟು, ನಾನು ಎರಡನೆಯ ಸಲ ಆ ಸಾವಿನ ಕಾಗದಗಳಿಗೆ ಸಹಿ ಹಾಕುವುದಕ್ಕೆ? ಎರಡೂ ಬೇಡ.

ಮಿಸೆಸ್ ಥೋರ್‌ಸ್ಟಾಡ್ ಹೇಳಿದ ಮೂರನೆಯದು ನೆನಪಾಯಿತು. ಕೊನೆಗೆ, ಮೊದಲು ಹೇಳಿದ್ದನ್ನೇ ಇನ್ನೊಂದು ಸಲ ಹೇಳಬೇಕು. ಕೊಡುವುದಿಲ್ಲ.

ಅಪ್ಪ

*

ಕಾರ್ವರ್ ಲೇಕ್
ಮಾರ್ಚ್ 10, 2019

ಅಪ್ಪ,

ನಿಮ್ಮ ಪತ್ರಕ್ಕೆ ತಕ್ಷಣ ಬರೆಯಲು ಆಗಲಿಲ್ಲ. ಐದಾರು ಸಲ ಶುರು ಮಾಡಿ ಬಿಟ್ಟೆ. ಬಿಟ್ಟು, ನಮ್ಮೂರ ಕಡೆಗೆ ಹಾರುವ ಏರ್ ಆಂಬುಲೆನ್ಸಿನವರ ಠಾಣೆಗೆ ಫೋನು ಮಾಡಿ, ಕಾಲೇಜಿನವಳು, ಒಂದು ದಿನ ಬಂದು ಕೂತು ನೋಡಬಹುದೇ ಅಂತ ಕೇಳಿದೆ. ಬಾ ಅಂದರು.

ಹ್ಯಾಂಗರಿನ ಪಕ್ಕ ಒಂದು ಸಣ್ಣ ಮನೆ. ನರ್ಸು, ಅವಳ ಜೊತೆಗಾರ ಒಂದು ಕೋಣೆಯಲ್ಲಿ. ಪೈಲಟ್‌ಗೆ ಬೇರೆ ಕೋಣೆ, ನಡುವೆ ಬಾಗಿಲು. ಪೈಲಟ್ ಹೆಸರು ಲೊರೆನ್, ನಿಮಗಿಂತ ಸ್ವಲ್ಪ ಚಿಕ್ಕವನು, ಹೆಣಿಗೆಯ ಸ್ವೆಟರು ಹಾಕಿದ್ದ. ಕಾಫಿ ಕೆಟ್ಟದಾಗಿತ್ತು, ಅದಕ್ಕೆ ಕ್ಷಮೆ ಕೇಳಿದ.

ಹತ್ತು ಗಂಟೆಯ ಹೊತ್ತಿಗೆ ಅವನ ಫೋನು ಬಂತು. ಆ ಕಡೆಯವರು ಎರಡು ಊರಿನ ಹೆಸರು ಹೇಳಿದರು. ಎಲ್ಲಿಂದ, ಎಲ್ಲಿಗೆ. ಬೇರೆ ಒಂದಕ್ಷರ ಇಲ್ಲ. ಅವನು ಹವಾಮಾನದ ಪರದೆ ನೋಡಿದ, ಇನ್ನೊಂದು ಪರದೆ ನೋಡಿದ, ಬೆರಳಿನಿಂದ ಎರಡು ಊರಿನ ನಡುವಿನ ಒಂದು ಮೋಡದ ಪಟ್ಟಿಯನ್ನು ಮುಟ್ಟಿದ. "ಆಗಲ್ಲ" ಅಂದ. ಇಟ್ಟ.

ನಾನು ತಡೆಯಲಾರದೆ ಕೇಳಿದೆ, "ಯಾರು, ಏನಾಗಿದೆ ಅಂತ ಕೇಳಲ್ವಾ?"

"ಕೇಳಬಾರ್ದು. ಅವರೂ ಹೇಳಬಾರ್ದು. ನಾನು ಆಗತ್ತೆ ಅಂದಮೇಲೇನೆ ಆ ಕೋಣೆಯವರಿಗೆ ಹೇಳೋದು. ಅದಕ್ಕೇ ಈ ಬಾಗಿಲು."

"ಯಾಕೆ?"

"ಮಗು ಅಂತ ಗೊತ್ತಾದ್ರೆ ನಾನು ಹೊರಡ್ತೀನಮ್ಮ. ಯಾರ್ ತಾನೇ ಹೊರಡಲ್ಲ? ಹಿಮ ಕಟ್ಟೋ ಮೋಡದೊಳಗೆ ಹೊರಡ್ತೀನಿ. ಮೋಡಕ್ಕೆ ಒಳಗೆ ಯಾರಿದಾರೆ ಅಂತ ಗೊತ್ತಾ? ಆಮೇಲೆ ಆ ಮಗುನೂ ಇಲ್ಲ, ನಾನೂ ಇಲ್ಲ, ಪಕ್ಕದ ಕೋಣೆಯ ಇಬ್ಬರೂ ಇಲ್ಲ. ಹಿಂದೆ ಹಾಗೆ ತುಂಬ ಜನ ಹೋಗಿದಾರೆ, ಒಳ್ಳೆಯವರು. ಅದಕ್ಕೇ ಈಗ ನಮ್ಮ ಕಿವಿ ಮುಚ್ಚಿಟ್ಟಿರೋದು. ನಮಗೆ ಕಲ್ಲಿನ ಎದೆ ಇದ್ದಿದ್ರೆ ಎಲ್ಲಾ ಹೇಳ್ತಿದ್ರು."

"ಆಮೇಲಾದ್ರೂ ಗೊತ್ತಾಗತ್ತಾ?"

"ಸುತ್ತಮುತ್ತಲ ಊರು ತಾನೇ. ಯಾರು ತೀರಿಕೊಂಡ್ರು ಅಂತ ಪೇಪರಿನ ಹಿಂದಿನ ಪುಟದಲ್ಲಿ ಬರತ್ತೆ. ಆ ಪುಟ ನಮ್ಮನೇಲಿ ಹೆಂಡ್ತಿ ತೆಗೆದಿಟ್ಟುಬಿಡ್ತಾಳೆ." ಎದ್ದು ಹೋಗಿ, ತೊಳೆದಿದ್ದ ಕಪ್ಪನ್ನೇ ಮತ್ತೆ ತೊಳೆದ.

ಅವನು ಆ ಠಾಣೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಾನಂತೆ. ಅವತ್ತು ಅವನೇ ಇದ್ದನೋ ಇನ್ನೊಬ್ಬನೋ ಅಂತ ನಾನು ಕೇಳಲಿಲ್ಲ. ನೀವೂ ಕೇಳಬೇಡಿ.

ಆ ದಿನದ ಹವಾಮಾನವನ್ನು ಮಾತ್ರ ಹುಡುಕಿ ನೋಡಿದೆ, ಅದು ಯಾರು ಬೇಕಾದರೂ ನೋಡಬಹುದು. ಲಿಂಡಾಲ್‌ನಲ್ಲಿ ಬಿಸಿಲು. ನೀವು ನೋಡಿದ್ದು ನಿಜ. ಠಾಣೆಯಿಂದ ನಮ್ಮೂರಿಗೆ ಬರುವ ದಾರಿಯ ನಡುವೆ, ಇಡೀ ಉದ್ದಕ್ಕೂ ರೆಕ್ಕೆಗೆ ಹಿಮ ಮೆತ್ತುವ ಮೋಡ. ನಮ್ಮ ಅಂಗಳದಲ್ಲಿ ನಿಂತರೆ ಅದು ಕಾಣುವುದಿಲ್ಲ. ಕ್ರಿಸ್‌ಮಸ್ ದಿನವೂ ಹಾಗೇ ಇತ್ತು.

ಅವತ್ತಿನ ಪೈಲಟ್ ಅಮ್ಮನಿಗೆ ಆಗಲ್ಲ ಅನ್ನಲಿಲ್ಲ ಅಪ್ಪ. ಅವನಿಗೆ ಅಮ್ಮ ಗೊತ್ತೇ ಇರಲಿಲ್ಲ. ಗೊತ್ತಿರಬಾರದಿತ್ತು.

ಹಣದ ಬಗ್ಗೆ ಇನ್ನು ಕೇಳುವುದಿಲ್ಲ. ಮೇ ತಿಂಗಳವರೆಗೆ ಇದ್ದು, ಆಮೇಲೆ ಆಸ್ಪತ್ರೆಯವರು ಮತ್ತೆ ತೆಗೆದುಕೊಂಡರೆ ಎಕ್ಸ್-ರೇಗೆ ಹೋಗುತ್ತೇನೆ. ಮೊನ್ನೆ ಮೊದಲ ಲೈಸೆನ್ಸಿನ ಪರೀಕ್ಷೆ ಪಾಸಾಯಿತು. ಈಸ್ಟರ್ ಹಿಂದಿನ ಶನಿವಾರ ಕಾಲೇಜಿನ ವಿಮಾನ ಸಿಗುತ್ತದೆ. ಒಬ್ಬಳೇ ಮನೆಗೆ ಹಾರಿ ಬರಬೇಕೆಂದಿದ್ದೇನೆ.

ಮಾರಿಟ್

*

ಲಿಂಡಾಲ್
ಮಾರ್ಚ್ 30, 2019

ಮಾರಿಟ್ ಪುಟ್ಟಿ,

ಮೂರು ವಾರ ಆಯ್ತು, ಭಾವ ನಿನಗೆ ಬರೆದಿಲ್ಲ ಅಂತ ಗೊತ್ತು. ನನಗೂ ಏನೂ ಹೇಳಲ್ಲ. ಚರ್ಚಿನ ಕಾಫಿಗೆ ಬರಲ್ಲ, ಗೈಲನ್ ಜೊತೆ ಜಗಳ ಕೂಡ ಆಡಲ್ಲ. ನನಗೆ ನಿಮ್ಮಿಬ್ಬರ ನಡುವೆ ಸಾಕಾಗಿ ಹೋಗಿದೆ ಕಣೇ. ನಮ್ಮಕ್ಕ ಮೂವತ್ತು ವರ್ಷ ಈ ಮನುಷ್ಯನ ಜೊತೆ ಹೇಗೆ ಬಾಳಿದಳೋ.

ನಿನ್ನೆ ಓವನ್ನಿನಲ್ಲಿ ಬೇಯಿಸಿದ ಚಿಕನ್ ಹಾಟ್‌ಡಿಶ್ ತಗೊಂಡು ಹೋಗಿದ್ದೆ. ಇಂಟರ್‌ನೆಟ್ಟಿನಲ್ಲಿ ಬಣ್ಣಬಣ್ಣದ ಹವಾಮಾನದ ನಕ್ಷೆ ಹಾಕಿಕೊಂಡು ಕೂತಿದ್ದರು. "ಏನ್ ಭಾವ ಇದು?" ಅಂದೆ. "ಹಿಮ ಯಾವ ಬಣ್ಣ ಅಂತ ನೋಡ್ತಿದೀನಿ, ಸುಮ್ನಿರು" ಅಂದರು. ಹಾಟ್‌ಡಿಶ್ ಆರಿಹೋಯ್ತು.

ನಾನು ಹೇಳಿದೆ ಅಂತ ಹೇಳಬೇಡ.

ಆರ್ಡಿಸ್ ಚಿಕ್ಕಮ್ಮ

*

ಲಿಂಡಾಲ್
ಏಪ್ರಿಲ್ 11, 2019

ಮಾರಿಟ್,

ಚೆಕ್ ಇದರ ಜೊತೆ ಇದೆ. ಅಮ್ಮನ ಹಣ. ಎರಡನೆಯ ವರ್ಷದ್ದು ಪೂರ್ತಿ. ಕಾಲೇಜಿನ ಹೆಸರಿಗೆ ಬರೆದಿದ್ದೇನೆ, ನಿನ್ನ ಹೆಸರಿಗಲ್ಲ. ವಾಪಸು ಕಳಿಸಿ ನಾಟಕ ಮಾಡಬೇಡ.

ಇದು ಒಳ್ಳೆಯ ವ್ಯಾಪಾರ ಅಂತ ನಾನು ಒಪ್ಪಿದ್ದೇನೆ ಅಂದುಕೊಳ್ಳಬೇಡ. ಈ ಡಿಗ್ರಿ ನಿನ್ನೆಯೂ ಕೆಟ್ಟ ವ್ಯಾಪಾರ, ಇವತ್ತೂ ಕೆಟ್ಟ ವ್ಯಾಪಾರ. ಏರ್‌ಲೈನಿಗಾದರೂ ಹೋಗುತ್ತೀಯ, ಹತ್ತು ವರ್ಷದಲ್ಲಿ ಹಾಕಿದ್ದು ಬರುತ್ತದೆ ಅಂತ ನಾನು ಹೇಗೋ ಮನಸ್ಸಿಗೆ ಹೊಂದಿಸಿಕೊಂಡು ಕೂತಿದ್ದರೆ, ನೀನು ಆರಿಸಿಕೊಂಡಿರುವುದು ಅದರ ಅರ್ಧ ಸಂಬಳದ ಆಂಬುಲೆನ್ಸು! ಇಷ್ಟು ಸುರಿದು ಇಷ್ಟು ಕಡಿಮೆ ತೆಗೆಯುವ ಬುದ್ಧಿ ನಿನಗೆ ನಿನ್ನ ಅಮ್ಮನಿಂದ ಬಂದದ್ದು. ಅವಳೂ ಶಾಲೆಯ ಅಡುಗೆಗೆ ತನ್ನ ಕೈಯಿಂದ ಬೆಣ್ಣೆ ತೆಗೆದುಕೊಂಡು ಹೋಗುತ್ತಿದ್ದಳು. ವಾರಕ್ಕೆ ಮೂರು ಸಲ ಹಾರು. ನನ್ನ ಆ ಸಲಹೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ಮುಂದೆ ನಿನ್ನ ಶಿಷ್ಯನನ್ನು ನಡುವೆ ಬಿಟ್ಟು ಓಡಿಹೋದೆ ಅಂತ ಕೇಳಿಬಂದರೆ ನಾನೇ ಬಂದು ನಿನ್ನ ಶರ್ಟು ಕತ್ತರಿಸುತ್ತೇನೆ, ಈ ಸಲ ಮುಂಭಾಗದಿಂದ.

ಲೊರೆನ್‌ಗೆ ಏನೂ ಬರೆಯುವುದಿಲ್ಲ. ಬರೆಯುವುದಕ್ಕೆ ಕೂತಿದ್ದೆ. ಬರೆದರೆ ಹೆಸರು ಹಾಕಬೇಕಾಗುತ್ತದೆ, ಅವನಿಗೆ ಗೊತ್ತಾಗುತ್ತದೆ. ಅವನ ಹೆಂಡತಿ ಅಷ್ಟು ವರ್ಷ ಪುಟ ತೆಗೆದಿಟ್ಟದ್ದು ದಂಡವಾಗುತ್ತದೆ.

ಇನ್ನು ಈಸ್ಟರ್.

ಅಡುಗೆಗೆ ಏನು ಮಾಡುತ್ತಿದ್ದೇನೆ ಅಂತ ಬರೆಯುವುದಿಲ್ಲ. ಯಾರು ಯಾರು ಬರುತ್ತಾರೆ ಅನ್ನುವುದನ್ನೂ ಬರೆಯುವುದಿಲ್ಲ. ಹೋದ ಮಂಗಳವಾರ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಏನಂದರು ಅನ್ನುವುದು ನೀನು ಮೇಜಿನ ಎದುರು ಬಂದು ಕೂತ ಮೇಲೆ. ಆರ್ಡಿಸ್‌ಗೆ ಫೋನು ಮಾಡಿ ಪ್ರಯೋಜನವಿಲ್ಲ. ಬಾಯಿ ಬಿಟ್ಟರೆ ಮುಂದಿನ ಜನ್ಮದವರೆಗೆ ಮಾತಾಡಿಸುವುದಿಲ್ಲ ಅಂತ ಹೇಳಿಟ್ಟಿದ್ದೇನೆ, ಪಾಪ, ಕೆಂಪಗಾಗಿ ಕೂತಿದ್ದಾಳೆ. ನೀನು ಬರಬೇಕು ಅಂತ ನನಗೆ ಎಷ್ಟಿದೆ, ಎಷ್ಟಿಲ್ಲ, ಅದೂ ಈ ಕಾಗದದಲ್ಲಿ ಇಲ್ಲ, ಹುಡುಕಬೇಡ.

ಎಲ್ಲಿಂದ: ಕಾರ್ವರ್ ಲೇಕ್. ಎಲ್ಲಿಗೆ: ಲಿಂಡಾಲ್. ನಿನಗೆ ಬೇಕಾದದ್ದು ಇಷ್ಟೇ.

ಶನಿವಾರ ಬೆಳಿಗ್ಗೆ ಫೋನು ಮಾಡಿ ಆಗತ್ತೆ ಅನ್ನು, ಅಥವಾ ಆಗಲ್ಲ ಅನ್ನು. ಯಾವುದು ಅಂದರೂ, ಮೊದಲನೆಯ ಮಾತಿಗೇ ಇಟ್ಟುಬಿಡುತ್ತೇನೆ.

ಅಪ್ಪ